ಐವತ್ತರಲ್ಲಿ ಹಿಡಿದ ಸ್ಟಿಯರಿಂಗ್

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ: ಒಂದು ತುಮಕೂರಿನತ್ತ, ಇನ್ನೊಂದು ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ. ಅಲ್ಲಿನ ಟೀ ಅಂಗಡಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕಿದರು. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುತ್ತಿದ್ದವರು, ಐವತ್ತು ದಾಟಿದ ಮೇಲೆ ಲಾರಿ ಹತ್ತಿದ್ದಾರೆ. ಪಕ್ಕದ ಹಲಗೆಗಳಿಲ್ಲದ ಲಾರಿ. ಮೇಲೆ ಕಬ್ಬಿಣದ ಸರಳು.

"ಲೈಸೆನ್ಸ್ ಸುಲಭವಾಗಿ ಸಿಕ್ಕಿತೆ?" ಎಂದೆ.

"ಎಲ್ಲಿ ಮೇಷ್ಟ್ರೇ! ಕಾರಿನ ಲೈಸೆನ್ಸಿಗೆ ವರ್ಷ ತುಂಬಿದ ಮೇಲೇ ಲಾರಿಯದಕ್ಕೆ ಅರ್ಜಿ. ಡಾಕ್ಟರ ಸರ್ಟಿಫಿಕೇಟು ಬೇರೆ. ಮಗನ ಓದು ಇನ್ನೂ ಎರಡು ವರ್ಷ ಇದೆಯಲ್ಲ..."

ಹೊರಡುವ ಮುನ್ನ ಸರಪಳಿಗಳನ್ನು ಒಂದೊಂದಾಗಿ ಎಳೆದು ನೋಡಿದರು. "ಬ್ರೇಕ್ ಹಾಕಿದರೆ ಲಾರಿ ನಿಲ್ಲುತ್ತೆ, ಸರಳು ಮುಂದಕ್ಕೇ ಬರುತ್ತೆ. ನಾನಿರುವುದು ಅದರ ಮುಂದೆ!"

ಜಡತ್ವದ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೋ! ಸೋಮವಾರ ಮತ್ತೆ ಅದೇ ಪಾಠ. ಈ ಸಲ ಉದಾಹರಣೆ ಆ ಸರಪಳಿಯದೇ.