ಎರಡು ನಿಮಿಷದ ಬೀಗ

ಅಕ್ಕ ಎಂಟನೇ ತರಗತಿಯಲ್ಲಿದ್ದಾಗ ಅವಳಿಗೆ ಸರ್ಕಾರದಿಂದ ಸೈಕಲ್ ಸಿಕ್ಕಿತ್ತು. ಅದರಲ್ಲೇ ಅವಳು ಹೈಸ್ಕೂಲು ಮುಗಿಸಿದಳು, ಅದರಲ್ಲೇ ನಾನು ಬಿದ್ದು ಎದ್ದು ಸವಾರಿ ಕಲಿತೆ. ಮದುವೆಯಾಗಿ ಹೋಗುವಾಗ "ಇದನ್ನು ಮಾತ್ರ ಮಾರಬೇಡ" ಎಂದಿದ್ದಳು. ನಾನು ಮಾರಲಿಲ್ಲ. ಕಳೆದುಕೊಂಡೆ.

ಪ್ರಥಮ ಪಿಯುಸಿ ಸೇರಿದ ಮೇಲೆ ಬೆಳಗ್ಗೆ ಪೇಪರ್ ಹಾಕುವ ಕೆಲಸ ಹಿಡಿದಿದ್ದೆ. ಐದೂವರೆಗೆ ಹೊರಟರೆ ಏಳು ಗಂಟೆಗೆ ಮುಗಿಯುತ್ತದೆ. ಒಂಟಿ ಮನೆಗಳಾದರೆ ಸೈಕಲಿನಿಂದ ಇಳಿಯದೆಯೇ ಗೇಟಿನೊಳಗೆ ಎಸೆಯಬಹುದು. ಫ್ಲ್ಯಾಟುಗಳಲ್ಲಿ ಹಾಗಲ್ಲ, ಮೆಟ್ಟಿಲು ಹತ್ತಿ ಬಾಗಿಲಿಗೇ ಇಟ್ಟು ಬರಬೇಕು. ಎರಡು ನಿಮಿಷದ ಕೆಲಸ. ಎರಡು ನಿಮಿಷಕ್ಕೆ ಯಾರು ಬೀಗ ಹಾಕುತ್ತಾರೆ? ಜುಲೈ ತಿಂಗಳ ಒಂದು ಬೆಳಗ್ಗೆ, ಮಂಗಳೂರಿನ ಮಳೆ ಗೊತ್ತಲ್ಲ, ಓಡುತ್ತಾ ಕೆಳಗೆ ಬಂದರೆ ಸೈಕಲ್ ಇಲ್ಲ. ಕ್ಯಾರಿಯರಿನಲ್ಲಿದ್ದ ಉಳಿದ ಪೇಪರುಗಳೂ ಅದರೊಂದಿಗೇ ಹೋದವು. ಅವುಗಳ ದುಡ್ಡು ನನ್ನ ಸಂಬಳದಲ್ಲಿ ಕಡಿತವಾಯಿತು. ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ಬೈಯಲಿಲ್ಲ. "ಮಳೆಯಲ್ಲಿ ನೆನೆದೆಯಾ?" ಎಂದು ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಎರಡು ತಿಂಗಳು ಕೂಡಿಟ್ಟು ಹಳೆಯ ಸೈಕಲೊಂದನ್ನು ಕೊಂಡೆ. ಅದಕ್ಕೆ ಅಂಗಡಿಯಲ್ಲಿದ್ದ ಅತಿ ಗಟ್ಟಿ ಬೀಗ ಬೇಕೆಂದು ಹಟ ಹಿಡಿದು ಯು ಆಕಾರದ ಕಬ್ಬಿಣದ ಬೀಗ ತಂದೆ. ತೂಕ ಒಂದು ಕಿಲೋಗಿಂತ ಜಾಸ್ತಿ. ಮೊದಲ ದಿನ ಪ್ರತಿ ಫ್ಲ್ಯಾಟಿನ ಕೆಳಗೂ ಹಾಕಿದೆ. ನಾಲ್ಕನೇ ದಿನಕ್ಕೆ ಎರಡು ಕಡೆ ಬಿಟ್ಟೆ. ಹತ್ತನೇ ದಿನ ನೋಡಿದರೆ ಬೀಗ ಚೀಲದಲ್ಲಿದೆ, ಸೈಕಲ್ ಮತ್ತೆ ಹಾಗೇ ನಿಂತಿದೆ. ಒಂದು ಬೆಳಗ್ಗೆ ಹದಿನಾಲ್ಕು ಸಲ ಬಗ್ಗಿ ಅದನ್ನು ಹಾಕಿ ತೆಗೆಯುವುದು ನನ್ನಿಂದ ಆಗುವ ಮಾತಲ್ಲವೆಂದು ಆಗ ಒಪ್ಪಿಕೊಂಡೆ. ನನಗೆ ಬೇಕಾದದ್ದು ಅತಿ ಗಟ್ಟಿ ಬೀಗವಲ್ಲ, ಸೋಮಾರಿತನ ಬಂದಾಗಲೂ ನಾನು ಹಾಕುವಂಥ ಬೀಗ.

ನಂಬರ್ ಲಾಕ್ ನೋಡಿದೆ. ಹಗುರ, ಕೀಲಿಯ ಗೊಡವೆಯಿಲ್ಲ. ಆದರೆ ನಸುಕಿನಲ್ಲಿ ಮಳೆಯ ನಡುವೆ ಅಂಕಿ ಕಾಣಬೇಕಲ್ಲ! ಮೂರು ಅಂಕಿಯ ಲಾಕಿನಲ್ಲಿ 1000 ಜೋಡಣೆಗಳಿವೆ ನಿಜ. ನಮ್ಮ ಕಾಲೇಜಿನ ಸ್ಟ್ಯಾಂಡಿನಲ್ಲೇ ನೋಡಿ, ಹೆಚ್ಚಿನವರು ಕೊನೆಯ ಅಂಕಿಯನ್ನು ಮಾತ್ರ ತಿರುಗಿಸಿ ಕ್ಲಾಸಿಗೆ ಓಡುತ್ತಾರೆ. ಆಗ ಪ್ರಯತ್ನಿಸಬೇಕಾದ್ದು ಒಂಬತ್ತೇ. ಇನ್ನು ಕೆಲವರು ಮುಂದಿನ ಚಕ್ರಕ್ಕೆ ಮಾತ್ರ ಸರಪಳಿ ಸುತ್ತುತ್ತಾರೆ. ಗೇರ್ ಸೈಕಲುಗಳಲ್ಲಿ ಎಷ್ಟೋ ಸಲ ಆ ಚಕ್ರ ಸ್ಪ್ಯಾನರ್ ಇಲ್ಲದೆಯೇ ಬಿಚ್ಚಿಬರುತ್ತದೆ. ಚಕ್ರ ಸ್ಟ್ಯಾಂಡಿಗೆ, ಸೈಕಲ್ ಕಳ್ಳನಿಗೆ.

ಕೊನೆಗೆ ಹಾಕಿಸಿದ್ದು ಅಜ್ಜನ ಕಾಲದ ಸೈಕಲುಗಳಲ್ಲಿ ಇರುತ್ತಿತ್ತಲ್ಲ, ಹಿಂದಿನ ಚಕ್ರಕ್ಕೆ ಫ್ರೇಮಿನಲ್ಲೇ ಕೂರುವ ಆ ಉಂಗುರದ ಬೀಗ. ಒಂದು ಸಲ ಒತ್ತಿದರೆ ಸರಳು ಕಡ್ಡಿಗಳ ನಡುವೆ ಹಾದು ಚಕ್ರ ನಿಲ್ಲುತ್ತದೆ. ಚೀಲದಲ್ಲಿ ಹೊರುವ ಕೆಲಸವಿಲ್ಲ. ಸೈಕಲನ್ನೇ ಎತ್ತಿಕೊಂಡು ಹೋದರೆ ಅದೇನೂ ಮಾಡದು, ಹಾಗಾಗಿ ಟ್ಯೂಷನ್ನಿಗೋ ಲೈಬ್ರರಿಗೋ ಹೋದಾಗ ತೆಳು ಕೇಬಲ್ಲೊಂದರಿಂದ ಫ್ರೇಮನ್ನು ಕಿಟಕಿಯ ಸರಳಿಗೆ ಕಟ್ಟುತ್ತೇನೆ. ಕೇಬಲ್ ಕತ್ತರಿಸಲು ಸಾಧಾರಣ ಕಟ್ಟರ್ ಸಾಕೆಂದು ನನಗೂ ಗೊತ್ತು. ಹತ್ತಿ ತುಳಿದುಬಿಡುವವನನ್ನು ಅದು ತಡೆಯುತ್ತದೆ, ಸಾಮಾನು ಹಿಡಿದುಕೊಂಡೇ ಬರುವವನನ್ನು ತಡೆಯದು. ರಾತ್ರಿ ಸೈಕಲ್ ಮನೆಯೊಳಗೆ.

ಮಳೆಗೆ ಬೀಗ ಬಿಗಿಯಾದಾಗ ಉಮ್ಮನ ತೆಂಗಿನೆಣ್ಣೆ ಬಿಟ್ಟೆ. ಧೂಳು ಸೇರಿ ತಿಂಗಳೊಳಗೆ ಅಂಟಾಯಿತು. ಮೆಕ್ಯಾನಿಕ್ ನಕ್ಕು, ಅದನ್ನೆಲ್ಲ ತೊಳೆದು, ಪೆನ್ಸಿಲಿನ ಕಡ್ಡಿ ಕೆರೆದು ಆ ಪುಡಿಯನ್ನು ಕೀಲಿಗೆ ಸವರಿ ಹಾಕಿಕೊಟ್ಟರು. ಗ್ರಾಫೈಟಿನ ಪದರಗಳು ಜಾರುತ್ತವೆಂದು ಕೆಮಿಸ್ಟ್ರಿ ನೋಟ್ಸಿನಲ್ಲಿ ನಾನೇ ಬರೆದುಕೊಂಡಿದ್ದೆ!

ಕಳೆದ ರಜೆಯಲ್ಲಿ ಅಕ್ಕ ಬಂದಿದ್ದಳು. ಹಾಲು ತರುತ್ತೇನೆಂದು ನನ್ನ ಸೈಕಲ್ ತೆಗೆದುಕೊಂಡು ಹೋದಳು. ವಾಪಸು ಬಂದು ಅಂಗಳದಲ್ಲಿ ನಿಲ್ಲಿಸಿದ್ದು ಒಳಗಿದ್ದ ನನಗೆ ಕೇಳಿಸಿತು. ಆಮೇಲೆ 'ಟಕ್' ಎಂಬ ಸದ್ದು. ನಮ್ಮದೇ ಅಂಗಳದಲ್ಲೂ ಬೀಗ ಹಾಕಿ, ಕೀಲಿಯನ್ನು ತಂದು ಏನೂ ಮಾತಾಡದೆ ನನ್ನ ಪುಸ್ತಕದ ಮೇಲೆ ಇಟ್ಟಳು.