ಹಾರ್ವರ್ಡಿನಲ್ಲಿ ದೇವರನ್ನು ನಂಬದವರ ಬಳಗ

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾನವತಾವಾದಿ ಚಾಪ್ಲೇನ್ ಎಂಬ ಸ್ಥಾನ ಹುಟ್ಟಿದ್ದು 1974ರಲ್ಲಿ. ಚಾಪ್ಲೇನ್ ಊರಿನ ಚರ್ಚಿನ ಪಾದ್ರಿಯಲ್ಲ. ಕಾಲೇಜು, ಆಸ್ಪತ್ರೆ, ಸೈನ್ಯ, ಸೆರೆಮನೆಗಳಲ್ಲಿ ಇದ್ದುಕೊಂಡು ಅಲ್ಲಿಯವರ ಕಷ್ಟಸುಖ ವಿಚಾರಿಸುವವರು. ಕೇಳಿದವರಿಗೆ ಪ್ರಾರ್ಥನೆ ನಡೆಸಿಕೊಡುವವರು, ಸಾವಿನ ಮನೆಯಲ್ಲಿ ಜೊತೆಗೆ ನಿಲ್ಲುವವರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕ್ಯಾಥೊಲಿಕರಿಗೊಬ್ಬರು, ಯಹೂದಿಗಳಿಗೊಬ್ಬರು, ಪ್ರಾಟೆಸ್ಟೆಂಟ್ ಪಂಗಡಗಳಿಗೆ ಬೇರೆ ಬೇರೆಯವರು, ಈಚೆಗೆ ಮುಸ್ಲಿಮರಿಗೆ, ಹಿಂದೂಗಳಿಗೆ, ಬೌದ್ಧರಿಗೆ ಕೂಡ ಇಂಥವರಿದ್ದಾರೆ. ದೇವರನ್ನೇ ನಂಬದವರಿಗೆ ಚಾಪ್ಲೇನ್ ಯಾಕೆ ಎಂದು ಆಸ್ತಿಕರೂ ಕೇಳಿದರು, ನಾಸ್ತಿಕರೂ ಕೇಳಿದರು. ಇದಕ್ಕೆ ಸಮಾಧಾನ ಸಿಕ್ಕಿದ್ದು ವಾದದಿಂದಲ್ಲ, ಆ ಜಾಗದಲ್ಲಿ ಕೂತವರು ವರ್ಷಗಟ್ಟಲೆ ಮಾಡಿದ ಕೆಲಸದಿಂದ.

ಹಾರ್ವರ್ಡ್ ಸ್ಥಾಪನೆಯಾದದ್ದು 1636ರಲ್ಲಿ. ಹೊಸ ನೆಲಕ್ಕೆ ಬಂದು ನೆಲೆಸಿದ ಪ್ಯೂರಿಟನ್ನರಿಗೆ ಓದುಬರಹ ಬಲ್ಲ ಧರ್ಮೋಪದೇಶಕರು ಬೇಕಾಗಿದ್ದರು. ಕಾಲೇಜು ಕಟ್ಟಿದ್ದರ ಒಂದು ಮುಖ್ಯ ಉದ್ದೇಶವೇ ಅದು. ಎರಡು ಶತಮಾನ ಕಳೆದರೂ ಆ ಹಿಡಿತ ಪೂರ್ತಿ ಸಡಿಲವಾಗಿರಲಿಲ್ಲ. 1838ರಲ್ಲಿ ರಾಲ್ಫ್ ವಾಲ್ಡೊ ಎಮರ್ಸನ್ ಅಲ್ಲಿನ ಧರ್ಮಶಾಸ್ತ್ರ ಶಾಲೆಯ ವಿದ್ಯಾರ್ಥಿಗಳ ಮುಂದೆ ಭಾಷಣ ಮಾಡಿ, ಪವಾಡಗಳ ಮೇಲೆ ನಿಂತ ನಂಬಿಕೆಯನ್ನು ಬಿಟ್ಟು ಮನುಷ್ಯನ ಒಳಗಿನ ನೈತಿಕ ಪ್ರಜ್ಞೆಯ ಕಡೆ ತಿರುಗಿ ಎಂದರು. ಅದರಿಂದ ಎದ್ದ ಗದ್ದಲದಲ್ಲಿ ಮುಂದಿನ ಸುಮಾರು ಮೂವತ್ತು ವರ್ಷ ಅವರನ್ನು ಹಾರ್ವರ್ಡ್ ಮಾತಿಗೆ ಕರೆಯಲಿಲ್ಲ. ವಿದ್ಯಾರ್ಥಿಗಳು ಪ್ರಾರ್ಥನೆಗೆ ಬರಲೇಬೇಕೆಂಬ ಕಡ್ಡಾಯ ತಪ್ಪಿದ್ದು 1886ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆಂದು ಅಂಗಳದ ನಡುವೆ ಮೆಮೋರಿಯಲ್ ಚರ್ಚ್ ಎದ್ದದ್ದು 1932ರಲ್ಲಿ. ಅದರ ಬಿಳಿ ಗೋಪುರ ಇಂದಿಗೂ ಆ ಅಂಗಳದ ಗುರುತು.

ಮರುವರ್ಷ, 1933ರಲ್ಲಿ, ಅಮೆರಿಕದ ಮೊದಲ ಮಾನವತಾವಾದಿ ಪ್ರಣಾಳಿಕೆ ಹೊರಬಂತು. ಸಹಿ ಹಾಕಿದ 34 ಜನರಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿ ಇದ್ದರು. ಜೊತೆಗೆ ಯೂನಿಟೇರಿಯನ್ ಧರ್ಮೋಪದೇಶಕರೂ ಹಲವರಿದ್ದರು. ಇದನ್ನು ಗಮನಿಸಬೇಕು. ಅಮೆರಿಕದ ಮಾನವತಾವಾದ ಚರ್ಚಿನ ಹೊರಗೆ ನಿಂತು ಕಲ್ಲೆಸೆದವರಿಂದ ಮಾತ್ರ ಹುಟ್ಟಿದ್ದಲ್ಲ; ಚರ್ಚಿನ ಒಳಗೇ ಬೆಳೆದು, ದೇವರ ಮಾತನ್ನು ಕೈಬಿಟ್ಟು, ಜನ ಸೇರುವ ಪದ್ಧತಿಯನ್ನು ಮಾತ್ರ ಉಳಿಸಿಕೊಂಡವರಿಂದಲೂ ಹುಟ್ಟಿತು. ಎರಡನೆಯ ಪ್ರಣಾಳಿಕೆ ಬಂದದ್ದು 1973ರಲ್ಲಿ. ಅಲೌಕಿಕ ಶಕ್ತಿಯನ್ನು ಆಶ್ರಯಿಸದೆ, ವಿವೇಚನೆ ಮತ್ತು ಅನುಕಂಪಗಳ ಬಲದಿಂದಲೇ ಒಳ್ಳೆಯ ಬಾಳು ಬಾಳಬಹುದು, ಪರರ ಬಾಳನ್ನೂ ಹಸನು ಮಾಡಬಹುದು ಎಂಬುದು ಅದರ ತಿರುಳು. ಹಾರ್ವರ್ಡಿನಲ್ಲಿ ಹೊಸ ಚಾಪ್ಲೇನ್ ಸ್ಥಾನ ಬಂದದ್ದು ಇದಾದ ಮರುವರ್ಷ.

ಅದನ್ನು ಆರಂಭಿಸಿದವರು ಟಾಮ್ ಫೆರಿಕ್. ಮೊದಲು ಕ್ಯಾಥೊಲಿಕ್ ಪಾದ್ರಿಯಾಗಿದ್ದು, ನಂಬಿಕೆ ಕಳಚಿದ ಮೇಲೆ ಆ ದೀಕ್ಷೆಯಿಂದ ಹೊರಬಂದವರು. ನಂಬಿಕೆ ಹೋದರೂ ಕಸುಬು ಹೋಗಿರಲಿಲ್ಲ. ಜನರ ಮಾತು ಕೇಳುವುದು, ಸಾವುನೋವಿನಲ್ಲಿ ಜೊತೆಯಾಗುವುದು, ಮದುವೆ ಮಾಡಿಸುವುದು ಅವರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸಗಳು. ಅವನ್ನೇ ದೇವರ ಹೆಸರಿಲ್ಲದೆ ಮುಂದುವರಿಸಿದರು. ಹಾರ್ವರ್ಡಿನ ಚಾಪ್ಲೇನ್‌ಗಳಿಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯವಲ್ಲ, ಅವರವರ ಧರ್ಮಸಂಸ್ಥೆ. ಕ್ಯಾಥೊಲಿಕರಿಗೆ ಡಯಾಸಿಸ್ ಇದೆ, ಯಹೂದಿಗಳಿಗೆ ಹಿಲೆಲ್ ಇದೆ. ನಂಬದವರ ಹಿಂದೆ ಅಂಥ ಯಾವ ಸಂಸ್ಥೆಯೂ ಇರಲಿಲ್ಲ. ದಾನಿಗಳನ್ನು ಹುಡುಕಿ ಹಣ ಕೂಡಿಸುವ ಚಿಂತೆ ಈ ಚಾಪ್ಲೇನ್ ಸ್ಥಾನಕ್ಕೆ ಮೊದಲ ದಿನದಿಂದಲೇ ಅಂಟಿಕೊಂಡಿತು. ಮುಂದೆ ನಡೆದ ಎಲ್ಲ ಏಳುಬೀಳುಗಳ ಬೇರು ಇಲ್ಲೇ ಇದೆ.

ಫೆರಿಕ್ 2005ರವರೆಗೆ, ಮೂರು ದಶಕಕ್ಕೂ ಮೀರಿ, ಆ ಜಾಗದಲ್ಲಿದ್ದರು. ಅವರ ಕಾಲದಲ್ಲಿ ಬಳಗ ಚಿಕ್ಕದು, ಸದ್ದೂ ಕಡಿಮೆ. ಆದರೆ ಅವರು ಒಂದನ್ನು ಸಾಧಿಸಿದ್ದರು: ಚಾಪ್ಲೇನ್‌ಗಳ ಸಭೆಯಲ್ಲಿ ಪಾದ್ರಿ, ರಬ್ಬಿಗಳ ಸಾಲಿನಲ್ಲಿ ದೇವರನ್ನು ನಂಬದ ಒಬ್ಬರು ಕೂರುವುದು ರೂಢಿಯಾಗಿತ್ತು. ಹೊಸಬರು ಬಂದಾಗ ಆ ಕುರ್ಚಿಗಾಗಿ ಜಗಳವಾಡಬೇಕಾಗಿರಲಿಲ್ಲ. ಮೂವತ್ತು ವರ್ಷದ ಈ ತಾಳ್ಮೆಯ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಅವರ ಬಳಿಕ ಬಂದವರು ಗ್ರೆಗ್ ಎಪ್ಸ್ಟೈನ್. ನ್ಯೂಯಾರ್ಕಿನ ಯಹೂದಿ ಮನೆತನದವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ಮಾಡಿ, ಕೆಲಕಾಲ ರಾಕ್ ಸಂಗೀತ ತಂಡದಲ್ಲಿ ಹಾಡಿ, ಕೊನೆಗೆ 2005ರಲ್ಲಿ ಮಾನವತಾವಾದಿ ರಬ್ಬಿಯಾಗಿ ದೀಕ್ಷೆ ಪಡೆದವರು. ದೇವರನ್ನು ಬಿಟ್ಟು ಯಹೂದಿ ಸಂಸ್ಕೃತಿಯನ್ನು ಮಾತ್ರ ಇಟ್ಟುಕೊಂಡ ಒಂದು ಪಂಥ ಅಮೆರಿಕದಲ್ಲಿದೆ. ಅವರ ದೀಕ್ಷೆ ಆ ಪಂಥದ್ದು.

ಅವರು ಬಂದದ್ದು ಬಿಸಿ ಏರಿದ್ದ ಹೊತ್ತಿನಲ್ಲಿ. ಸ್ಯಾಮ್ ಹ್ಯಾರಿಸ್ ಅವರ ಪುಸ್ತಕ 2004ರಲ್ಲಿ, ರಿಚರ್ಡ್ ಡಾಕಿನ್ಸ್ ಅವರದು 2006ರಲ್ಲಿ, ಕ್ರಿಸ್ಟೋಫರ್ ಹಿಚನ್ಸ್ ಅವರದು 2007ರಲ್ಲಿ ಬಂದು ಧರ್ಮದ ವಿರುದ್ಧ ನೇರ ಸಮರ ಸಾರಿದ್ದವು. ‘ನವ ನಾಸ್ತಿಕರು’ ಎಂಬ ಹೆಸರು ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. 2007ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ಬಳಗ ‘ನವ ಮಾನವತಾವಾದ’ ಎಂಬ ಹೆಸರಿನಲ್ಲಿ ಸಮ್ಮೇಳನ ನಡೆಸಿತು. ಸಲ್ಮಾನ್ ರಶ್ದಿ ಬಂದರು, ಜೀವವಿಜ್ಞಾನಿ ಇ. ಒ. ವಿಲ್ಸನ್ ಬಂದರು, ಅಮರ್ತ್ಯ ಸೇನ್ ಬಂದರು. ಭಾರತದ ಚಿಂತನೆಯಲ್ಲಿ ಲೋಕಾಯತದಂಥ ನಿರೀಶ್ವರ ಧಾರೆ ಪ್ರಾಚೀನ ಕಾಲದಿಂದ ಇದೆ ಎಂದು ಬರೆದಿದ್ದ ಸೇನ್ ಆ ವೇದಿಕೆಗೆ ಸಲ್ಲುವವರೇ ಆಗಿದ್ದರು. ನಂಬದಿರುವುದು ಪಶ್ಚಿಮದ ಗುತ್ತಿಗೆಯಲ್ಲ ಎಂಬುದಕ್ಕೆ ಅವರ ಇರವೇ ಸಾಕ್ಷಿ.

ಸಮ್ಮೇಳನದ ಆಸುಪಾಸಿನಲ್ಲೇ ಮನಸ್ತಾಪವೂ ಆಯಿತು. ಧರ್ಮವನ್ನು ಸಾರಾಸಗಟಾಗಿ ಬೈಯುವವರನ್ನು ಎಪ್ಸ್ಟೈನ್ ನಾಸ್ತಿಕರಲ್ಲೇ ಮೂಲಭೂತವಾದಿಗಳೆಂಬ ಅರ್ಥದಲ್ಲಿ ಟೀಕಿಸಿದ್ದರು. ಅದು ಹಲವರನ್ನು ಕೆರಳಿಸಿತು. ದೇವರಿಲ್ಲ ಎಂದು ಸಾಧಿಸಿದ ಮೇಲೆ ಮುಂದೇನು ಎಂಬುದು ಎಪ್ಸ್ಟೈನ್ ಅವರ ಪ್ರಶ್ನೆಯಾಗಿತ್ತು. ಆ ಸಾಧನೆಯೇ ಇನ್ನೂ ಮುಗಿದಿಲ್ಲ, ಈಗಲೇ ಭಜನೆ ಕೂಟ ಯಾಕೆ ಎಂಬುದು ಎದುರಾಳಿಗಳ ಮಾತು. ಎರಡರಲ್ಲೂ ಹುರುಳಿದೆ. ಆದರೆ ಮನೆ ಬಿಟ್ಟು ಬಂದ ಹದಿನೆಂಟರ ಹುಡುಗ ಹುಡುಗಿಯರಿಗೆ, ಅದರಲ್ಲೂ ಅಪ್ಪ ಅಮ್ಮನ ನಂಬಿಕೆಯಿಂದ ದೂರವಾಗಿ, ಅದನ್ನು ಊರಲ್ಲಿ ಹೇಳಿಕೊಳ್ಳಲಾಗದೆ ಒದ್ದಾಡುವವರಿಗೆ, ಬೇಕಾಗಿದ್ದದ್ದು ಮತ್ತೊಂದು ವಾದವಲ್ಲ, ಜೊತೆಗಾರರು. 2009ರಲ್ಲಿ ಬಂದ ಎಪ್ಸ್ಟೈನ್ ಅವರ ‘ಗುಡ್ ವಿದೌಟ್ ಗಾಡ್’ ಈ ನಿಲುವನ್ನೇ ಮಂಡಿಸಿತು. ಜಗತ್ತಿನಲ್ಲಿ ನೂರು ಕೋಟಿ ಜನ ಯಾವ ಧರ್ಮಕ್ಕೂ ಸೇರದವರಿದ್ದಾರೆ, ಅವರು ಏನನ್ನು ನಂಬುವುದಿಲ್ಲ ಎಂಬುದಕ್ಕಿಂತ ಏನನ್ನು ನಂಬುತ್ತಾರೆ ಎಂದು ಕೇಳೋಣ ಎಂದಿತು.

ಬಳಗ ಆ ವರ್ಷಗಳಲ್ಲಿ ಹಲವು ಕಡೆ ಕೈಚಾಚಿತು. ವಿದ್ಯಾರ್ಥಿ ಸಂಘದ ಜೊತೆ ಸೇರಿ ಪ್ರತಿವರ್ಷ ಸಾಂಸ್ಕೃತಿಕ ಮಾನವತಾವಾದದ ಪುರಸ್ಕಾರ ಕೊಡತೊಡಗಿತು. ರಶ್ದಿ ಅವರ ನಂತರ ಚಿತ್ರನಿರ್ದೇಶಕ ಜಾಸ್ ವೀಡನ್, ನಟ ಸ್ಟೀಫನ್ ಫ್ರೈ ಮೊದಲಾದವರು ಅದನ್ನು ಪಡೆದರು. ಆ ಸಂಜೆಗಳಿಗೆ ಸಭಾಂಗಣ ತುಂಬುತ್ತಿತ್ತು. ಆದರೆ ಬಳಗವನ್ನು ಕಟ್ಟಿದ್ದು ತಾರೆಗಳು ಬಂದ ಸಂಜೆಗಳಲ್ಲ, ಉದ್ದನೆಯ ಮೇಜಿನ ಎರಡೂ ಬದಿಗೆ ಆಸ್ತಿಕರ ಜೊತೆಯೇ ಸಾಲಾಗಿ ನಿಂತು, ಹಸಿದ ಮಕ್ಕಳಿಗಾಗಿ ಊಟದ ಪೊಟ್ಟಣ ಕಟ್ಟಿದ ದಿನಗಳು. ಈ ಸೇವಾ ಕೆಲಸವನ್ನು ಮುಂದೆ ನಿಂತು ನಡೆಸಿದವರು ಕ್ರಿಸ್ ಸ್ಟೆಡ್‌ಮನ್. ಹರೆಯದಲ್ಲಿ ಕಟ್ಟಾ ಕ್ರೈಸ್ತರಾಗಿದ್ದು, ತಾವು ಸಲಿಂಗಿಯೆಂಬ ಅರಿವು ತಂದ ಸಂಕಟವನ್ನು ದಾಟಿ, ನಂಬಿಕೆಯಿಂದ ಹೊರಬಂದವರು ಅವರು. ಆ ಪಯಣವನ್ನು 2012ರ ‘ಫೇತೀಯಿಸ್ಟ್’ ಪುಸ್ತಕದಲ್ಲಿ ಬರೆದಿದ್ದಾರೆ. ಮದುವೆ, ಮಗುವಿಗೆ ಹೆಸರಿಡುವುದು, ಶವಸಂಸ್ಕಾರಗಳಿಗೂ ಕರೆ ಬರುತ್ತಿತ್ತು. ಕುವೆಂಪು ಅವರ ಮಂತ್ರ ಮಾಂಗಲ್ಯವನ್ನು ಬಲ್ಲ ಕನ್ನಡಿಗರಿಗೆ ಪುರೋಹಿತರಿಲ್ಲದ ಇಂಥ ಮದುವೆಯ ಬಗೆ ವಿವರಿಸಿ ಹೇಳಬೇಕಾಗಿಲ್ಲ.

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯ ಗೆರೆಯ ಬಳಿ ಎರಡು ಬಾಂಬುಗಳು ಸಿಡಿದವು. ಮೂವರು ಸತ್ತರು, ನೂರಾರು ಜನ ಗಾಯಗೊಂಡರು. ಮೂರು ದಿನದ ನಂತರ ನಗರದ ಹೋಲಿ ಕ್ರಾಸ್ ಕ್ಯಾಥೆಡ್ರಲ್‌ನಲ್ಲಿ ಸರ್ವಧರ್ಮ ಸಭೆ ನಡೆಯಿತು, ಅಧ್ಯಕ್ಷ ಒಬಾಮ ಬಂದು ಮಾತಾಡಿದರು. ಗಾಯಗೊಂಡವರಲ್ಲಿ ಹಾರ್ವರ್ಡ್ ಬಳಗಕ್ಕೆ ಹತ್ತಿರದವರೂ ಇದ್ದರು. ಆ ಸಭೆಯಲ್ಲಿ ತಮ್ಮ ಕಡೆಯಿಂದಲೂ ಒಬ್ಬರು ನಿಲ್ಲಲು ಅವಕಾಶ ಕೊಡಿ ಎಂದು ಮಾನವತಾವಾದಿಗಳು ಕೋರಿದರು. ಅವಕಾಶ ಸಿಗಲಿಲ್ಲ. ಊರೇ ಕೂಡಿ ಅಳುವಾಗ ತಮಗೆ ಮಾತ್ರ ಜಾಗವಿಲ್ಲ ಎಂಬ ನೋವು ಸಣ್ಣದಲ್ಲ. ಸಂಸ್ಥೆಯೇ ಇಲ್ಲದವರು ಕಣ್ಣಿಗೆ ಬೀಳುವುದಿಲ್ಲ ಎಂಬುದು ಅಂದು ಎಲ್ಲರಿಗೂ ಕಾಣುವಂತೆ ಬಯಲಾಯಿತು. ಬಳಗ ತನ್ನವರಿಗಾಗಿ ತಾನೇ ಹಣ ಕೂಡಿಸಿತು.

ಅದೇ ವರ್ಷದ ಕೊನೆಗೆ ಬಳಗಕ್ಕೆ ಸ್ವಂತದ್ದೆನ್ನುವ ಜಾಗ ಬಂತು. ಹಾರ್ವರ್ಡ್ ಚೌಕದ ಪಕ್ಕ ಜೆಎಫ್‌ಕೆ ರಸ್ತೆಯ ಕಟ್ಟಡವೊಂದರಲ್ಲಿ ತೆರೆದ ಈ ತಾಣಕ್ಕೆ ‘ಹ್ಯೂಮನಿಸ್ಟ್ ಹಬ್’ ಎಂದು ಹೆಸರಾಯಿತು. ವಿದ್ಯಾರ್ಥಿಗಳಿಗಷ್ಟೇ ಮೀಸಲಲ್ಲ, ಊರಿನವರು, ಸಂಸಾರಸ್ಥರು, ನಿವೃತ್ತರು ಎಲ್ಲರಿಗೂ ಬಾಗಿಲು ತೆರೆದಿತ್ತು. ಭಾನುವಾರದ ಕೂಟವೇ ಅದರ ಜೀವಾಳ: ಸ್ವಲ್ಪ ಸಂಗೀತ, ಒಂದು ಉಪನ್ಯಾಸ, ಪ್ರಶ್ನೋತ್ತರ, ಆಮೇಲೆ ಕಾಫಿ ಹಿಡಿದು ಹರಟೆ. ದೊಡ್ಡವರು ಮಾತು ಕೇಳುವ ಹೊತ್ತಿಗೆ ಮಕ್ಕಳಿಗೆ ಬೇರೆಯಾಗಿ ವಿಜ್ಞಾನ ಮತ್ತು ವಿಚಾರದ ಪಾಠ ನಡೆಯುತ್ತಿತ್ತು. ಭಾನುವಾರ ಚರ್ಚಿಗೆ ಹೋಗುವ ಮನೆಗಳ ಮಕ್ಕಳಿಗೆ ಸಿಗುವ ಗೆಳೆತನ ತಮ್ಮ ಮಕ್ಕಳಿಗೂ ಸಿಗಲಿ ಎಂಬ ಹಂಬಲ ತಾಯ್ತಂದೆಯರದು. ಬಳಗದತ್ತ ಹೊಸಬರನ್ನು ಎಳೆದು ತಂದದ್ದರಲ್ಲಿ ಈ ಹಂಬಲದ ಪಾಲು ದೊಡ್ಡದು.

ಆ ಹೊತ್ತಿಗೆ ಗಾಳಿಯೂ ಅನುಕೂಲವಾಗಿತ್ತು. ನಾಸ್ತಿಕರು ಧರ್ಮಗಳಿಂದ ಕಲಿಯಬೇಕಾದ್ದಿದೆ ಎಂದು ಅಲೇನ್ ಡಿ ಬಾಟನ್ 2012ರಲ್ಲಿ ಪುಸ್ತಕ ಬರೆದರು. 2013ರ ಜನವರಿಯಲ್ಲಿ ಲಂಡನ್ನಿನಲ್ಲಿ ಇಬ್ಬರು ಹಾಸ್ಯ ಕಲಾವಿದರು ‘ಸಂಡೇ ಅಸೆಂಬ್ಲಿ’ ಶುರು ಮಾಡಿದರು; ಅದು ಬೇಗನೆ ಹಲವು ದೇಶಗಳಿಗೆ ಹಬ್ಬಿತು. ಹಾರ್ವರ್ಡಿನಿಂದ ಹೊರಟವರು ಬೇರೆ ವಿಶ್ವವಿದ್ಯಾಲಯಗಳಲ್ಲಿ ಸಸಿ ನೆಟ್ಟರು. ಸ್ಟೆಡ್‌ಮನ್ ಯೇಲ್‌ಗೆ ಹೋಗಿ ಅಲ್ಲೊಂದು ಬಳಗ ಕಟ್ಟಿದರು. ಸ್ಟ್ಯಾನ್‌ಫರ್ಡ್‌ಗೆ ಮಾನವತಾವಾದಿ ಚಾಪ್ಲೇನ್ ಬಂದರು. 2014ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ವಹಿಸಿಕೊಂಡ ಬಾರ್ಟ್ ಕಂಪೋಲೊ ಹೆಸರಾಂತ ಇವಾಂಜೆಲಿಕಲ್ ಪ್ರಚಾರಕ ಟೋನಿ ಕಂಪೋಲೊ ಅವರ ಮಗ. ತಾವೂ ಬಹುಕಾಲ ಧರ್ಮಪ್ರಚಾರಕರಾಗಿದ್ದವರು. ಮಾಜಿ ಪಾದ್ರಿ, ರಬ್ಬಿ, ಮಾಜಿ ಪ್ರಚಾರಕ: ಧರ್ಮದ ಒಳಗಿನ ಕೆಲಸ ಕಂಡವರೇ ಈ ಕಸುಬಿಗೆ ಮತ್ತೆ ಮತ್ತೆ ಬಂದದ್ದು ಆಕಸ್ಮಿಕವಲ್ಲ. ಜನರನ್ನು ವಾರವಾರ ಕೂಡಿಸುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿತ್ತು.

ಹಬ್ ಬಾಳಿದ್ದು ಕೆಲವೇ ವರ್ಷ. ಆ ದಶಕ ಮುಗಿಯುವ ಮೊದಲೇ ಭಾನುವಾರದ ಕೂಟ ನಿಂತು ಬಾಗಿಲು ಮುಚ್ಚಿತು. ಹಾರ್ವರ್ಡ್ ಚೌಕದ ಬಾಡಿಗೆ ದುಬಾರಿ. ಚರ್ಚಿಗೆ ಹೋಗುವವರಿಗೆ ಕಾಣಿಕೆ ಕೊಡುವುದು ತಲೆಮಾರುಗಳಿಂದ ಬಂದ ಅಭ್ಯಾಸ. ಧರ್ಮದಿಂದ ಹೊರಬಂದವರು ಆ ಅಭ್ಯಾಸವನ್ನೂ ಅಲ್ಲೇ ಬಿಟ್ಟು ಬಂದಿರುತ್ತಾರೆ. ವಿದ್ಯಾರ್ಥಿಗಳು ನಾಲ್ಕು ವರ್ಷಕ್ಕೆ ಊರು ಬಿಡುತ್ತಾರೆ, ಊರಿನವರಿಗೆ ವಿಶ್ವವಿದ್ಯಾಲಯ ಪರಕೀಯ. ವಾರ ತಪ್ಪಿಸಿದರೆ ಪಾಪ ಬರುತ್ತದೆಂಬ ಅಂಜಿಕೆ ಇಲ್ಲದ ಕಡೆ ಹಾಜರಿ ಉಳಿಯುವುದು ಪ್ರೀತಿಯ ಮೇಲೆ ಮಾತ್ರ. ಪ್ರೀತಿಗೇನೂ ಕೊರತೆ ಇರಲಿಲ್ಲ; ಅದಕ್ಕೆ ಆಸರೆಯಾಗಿ ಸಂಬಳ, ಬಾಡಿಗೆ, ವ್ಯವಸ್ಥೆಗಳನ್ನು ಹೊರಬಲ್ಲ ಸಂಸ್ಥೆ ಇರಲಿಲ್ಲ. ಆ ಮುಚ್ಚುಗಡೆಯನ್ನು ನಾಸ್ತಿಕರ ಸೋಲೆಂದು ಬಗೆದವರು ಅವಸರಪಟ್ಟರು.

ಯಾಕೆಂದರೆ ಚಾಪ್ಲೇನ್ ಸ್ಥಾನ ಉಳಿಯಿತು. 2018ರಲ್ಲಿ ಎಪ್ಸ್ಟೈನ್ ಹಾರ್ವರ್ಡಿನ ಜೊತೆಗೆ ನೆರೆಯ ಎಂಐಟಿಯಲ್ಲೂ ಮಾನವತಾವಾದಿ ಚಾಪ್ಲೇನ್ ಆದರು. ದೊಡ್ಡ ಸಭೆ ಹೋಗಿ ಚಿಕ್ಕ ಪಂಕ್ತಿ ಬಂತು: ಕೆಲವು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದು, ಬದುಕಿನ ಅರ್ಥವೇನು, ದೇವರಿದ್ದಾನೆಯೇ ಎಂಬಂಥ ಪ್ರಶ್ನೆಗಳನ್ನು ಊಟದ ಮೇಜಿನ ಸುತ್ತ ಮಾತಿಗೆ ತರುವುದು; ಒಬ್ಬೊಬ್ಬರ ಜೊತೆ ಬೇರೆಯಾಗಿ ಕೂತು ಅವರ ಕುಟುಂಬ, ಕೆಲಸ, ಭಯಗಳ ಮಾತು ಕೇಳುವುದು. ಇದಕ್ಕೆ ಬಾಡಿಗೆ ಕಟ್ಟಡ ಬೇಡ. ಫೆರಿಕ್ ಮಾಡುತ್ತಿದ್ದ ಕೆಲಸಕ್ಕೂ ಇದು ಹೆಚ್ಚು ಹತ್ತಿರ.

2021ರ ಆಗಸ್ಟ್‌ನಲ್ಲಿ ಹಾರ್ವರ್ಡಿನ ಚಾಪ್ಲೇನ್‌ಗಳು ಎಪ್ಸ್ಟೈನ್ ಅವರನ್ನು ತಮ್ಮ ಸಂಘಟನೆಯ ಅಧ್ಯಕ್ಷರನ್ನಾಗಿ ಅವಿರೋಧವಾಗಿ ಆರಿಸಿದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಧರ್ಮೋಪದೇಶಕರನ್ನು ತಯಾರಿಸಲು ಹುಟ್ಟಿದ ಕಾಲೇಜಿಗೆ ನಾಸ್ತಿಕ ಮುಖ್ಯಸ್ಥರೇ ಎಂದು ಹುಬ್ಬೇರಿಸಿದವರು ಬಹಳ ಜನ. ಆ ಅಧ್ಯಕ್ಷರು ಯಾರ ಧರ್ಮಗುರುವೂ ಅಲ್ಲ. ನಲವತ್ತಕ್ಕೂ ಹೆಚ್ಚು ಚಾಪ್ಲೇನ್‌ಗಳ ಕೆಲಸವನ್ನು ಹೊಂದಿಸಿ, ವಿಶ್ವವಿದ್ಯಾಲಯದ ಆಡಳಿತದ ಮುಂದೆ ಅವರ ಪರವಾಗಿ ಮಾತಾಡುವುದು ಅವರ ಹೊಣೆ. ಮೆಚ್ಚಬೇಕಾದ್ದು ಮತ ಹಾಕಿದ ಕ್ರೈಸ್ತ, ಯಹೂದಿ, ಮುಸ್ಲಿಂ, ಹಿಂದೂ, ಬೌದ್ಧ ಚಾಪ್ಲೇನ್‌ಗಳನ್ನು. ತಮ್ಮ ದೇವರನ್ನು ಒಪ್ಪದವರ ಪ್ರಾಮಾಣಿಕತೆಯನ್ನು ಅವರು ವರ್ಷಗಳ ಕಾಲ ಹತ್ತಿರದಿಂದ ಕಂಡಿದ್ದರು.

ದೇಶದ ಚಿತ್ರವೂ ಇಷ್ಟರಲ್ಲಿ ಬದಲಾಗಿದೆ. ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ಯಾವ ಧರ್ಮಕ್ಕೂ ಸೇರಿಲ್ಲವೆನ್ನುವ ವಯಸ್ಕರ ಪ್ರಮಾಣ ಅಮೆರಿಕದಲ್ಲಿ 2007ರಲ್ಲಿ ಶೇ. 16 ಇದ್ದದ್ದು 2023ರಲ್ಲಿ ಶೇ. 28ಕ್ಕೆ ಏರಿತ್ತು. ಇವರಲ್ಲಿ ನಾಸ್ತಿಕರೆಂದು ಹೇಳಿಕೊಳ್ಳುವವರು ಶೇ. 17, ಅಜ್ಞೇಯತಾವಾದಿಗಳು ಶೇ. 20. ಉಳಿದ ಶೇ. 63 ಜನ ತಮ್ಮನ್ನು ಯಾವ ಹೆಸರಿನಿಂದಲೂ ಕರೆದುಕೊಳ್ಳುವುದಿಲ್ಲ. ಇಂಥವರನ್ನು ಒಂದು ಸಂಘದ ಸದಸ್ಯರನ್ನಾಗಿಸುವುದು ಸುಲಭವಲ್ಲ. ಕಷ್ಟ ಬಂದಾಗ ಹೋಗಿ ಮಾತಾಡಲು ಅವರಿಗೊಬ್ಬರು ಬೇಕು ಎಂಬುದನ್ನು ಮಾತ್ರ ಹಾರ್ವರ್ಡ್, ಎಂಐಟಿಗಳು ಒಪ್ಪಿಕೊಂಡಿವೆ.