ಹಗ್ಗ ಬಿಗಿದ ರಟ್ಟಿನ ಸೂಟ್‌ಕೇಸು

1964ರ ಸೆಪ್ಟೆಂಬರ್ 10. ಜರ್ಮನಿಯ ಕಲೋನ್ ನಗರದ ಡಾಯ್ಟ್ಸ್ ನಿಲ್ದಾಣದಲ್ಲಿ ಆಗಷ್ಟೇ ರೈಲಿಳಿದ ಬಡಗಿಯೊಬ್ಬನ ಹೆಸರನ್ನು ಮೈಕಿನಲ್ಲಿ ಕೂಗಿದರು. ಅರ್ಮಾಂಡೊ ರೊಡ್ರಿಗೆಸ್ ಹೆದರಿದ. ಕಾಗದಪತ್ರದಲ್ಲಿ ಏನೋ ಎಡವಟ್ಟಾಗಿದೆ, ವಾಪಸು ಅಟ್ಟುತ್ತಾರೆ ಅಂದುಕೊಂಡ. ಆದರೆ ಅವನ ಕೈಗೆ ಹೂ ಕೊಟ್ಟು, ಒಂದು ಮೊಪೆಡ್ ಉಡುಗೊರೆ ಕೊಟ್ಟರು. ದುಡಿಯಲು ಬಂದ ಪರದೇಶಿಗಳಲ್ಲಿ ಅವನು ಹತ್ತು ಲಕ್ಷನೆಯವನಂತೆ! ಅವನು ಪೋರ್ಚುಗೀಸ. ಅವನೊಂದಿಗೆ ಬಂದಿಳಿದವರಲ್ಲಿ ಬಹುಪಾಲು ಸ್ಪೇನಿನವರು. ಅವರಿಗೆ ಹೂವೂ ಇಲ್ಲ, ಮೊಪೆಡ್ಡೂ ಇಲ್ಲ.

ಈ ಬರಹಗಾರ ಸಾಫ್ಟ್‌ವೇರ್ ನೌಕರಿಗೆಂದು ಕಲೋನಿನಲ್ಲಿದ್ದಾಗ ದಿನಾ ಅದೇ ನಿಲ್ದಾಣದಲ್ಲಿ ಇಳಿಯುತ್ತಿದ್ದ. ಅದರ ಹಳೆಯ ಕಥೆ ಗೊತ್ತಾದದ್ದು ಮೇಲಿನ ಮಹಡಿಯ ಸ್ಪೇನಿನ ಅಜ್ಜಿಯಿಂದ. ಇಬ್ಬರ ಜರ್ಮನ್ನೂ ಅಷ್ಟಕ್ಕಷ್ಟೆ. ಅದಕ್ಕೇ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಅಜ್ಜಿ ಊರು ಬಿಟ್ಟ ಕಾಲದಲ್ಲಿ ಸ್ಪೇನ್ ಜನರಲ್ ಫ್ರಾಂಕೊನ ಮುಷ್ಟಿಯಲ್ಲಿತ್ತು. ಹೊರಗಿನವರ ಹಂಗು ಬೇಡವೆಂದು ಇಪ್ಪತ್ತು ವರ್ಷ ಬಾಗಿಲು ಹಾಕಿಕೊಂಡ ದೇಶದ ಬೊಕ್ಕಸ 1959ರ ಹೊತ್ತಿಗೆ ಬರಿದಾಗುತ್ತ ಬಂದಿತ್ತು. ಆ ವರ್ಷ ಸರ್ಕಾರ ‘ಸ್ಥಿರೀಕರಣ ಯೋಜನೆ’ ತಂದಿತು. ಡಾಲರಿಗೆ 42 ಇದ್ದ ಸ್ಪೇನಿನ ನಾಣ್ಯ ಪೆಸೆಟಾ 60ಕ್ಕೆ ಇಳಿಯಿತು. ಕೂಲಿ ಏರಲಿಲ್ಲ, ಓವರ್‌ಟೈಮ್ ನಿಂತಿತು, ಕೆಲಸ ಹೋಯಿತು. ಮುಷ್ಕರ ಹೂಡುವುದೇ ಅಪರಾಧವಾಗಿದ್ದ ನಾಡಿನಲ್ಲಿ ಇಷ್ಟೊಂದು ಜನ ಕೆಲಸವಿಲ್ಲದೆ ಕೂತರೆ ಅಪಾಯ ಯಾರಿಗೆ ಎಂಬುದು ಫ್ರಾಂಕೊಗೆ ಚೆನ್ನಾಗಿ ಗೊತ್ತಿತ್ತು.

ಜನರನ್ನು ಹೊರಗೆ ಕಳಿಸಲು 1956ರಲ್ಲೇ ಒಂದು ಸರ್ಕಾರಿ ವಲಸೆ ಸಂಸ್ಥೆ ಹುಟ್ಟಿತ್ತು. 1960ರ ಮಾರ್ಚಿನಲ್ಲಿ ಪಶ್ಚಿಮ ಜರ್ಮನಿಯ ಜೊತೆ ಒಪ್ಪಂದವಾಯಿತು, ಮರುವರ್ಷ ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳ ಜೊತೆಗೂ ಆಯಿತು. ನಿರುದ್ಯೋಗಿಗಳು ಹೊರಗೆ, ಅವರು ಮನೆಗೆ ಕಳಿಸುವ ಮಾರ್ಕು ಫ್ರಾಂಕುಗಳು ಒಳಗೆ. ಆಮೇಲೆ ಜಗತ್ತು ‘ಸ್ಪೇನಿನ ಪವಾಡ’ ಎಂದು ಕೊಂಡಾಡಿದ ಬೆಳವಣಿಗೆಗೆ ಪ್ರವಾಸಿಗರ ದುಡ್ಡಿನ ಜೊತೆಗೆ ಈ ಮನಿಯಾರ್ಡರುಗಳೂ ಆಸರೆ. ಸರ್ವಾಧಿಕಾರಿಯ ಜಾಣತನ ಅಂದರೆ ಇದೇ: ತಾನು ಅನ್ನ ಕೊಡಲಾರದವರ ಬೆವರಿನಿಂದಲೇ ತನ್ನ ಲೆಕ್ಕ ಸರಿತೂಗಿಸಿಕೊಂಡ.

ಹೊರಡುವ ಮುನ್ನ ಜರ್ಮನ್ ವೈದ್ಯರ ಮುಂದೆ ನಿಲ್ಲಬೇಕು. ಎದೆಯ ಎಕ್ಸ್‌ರೇ, ಮೂತ್ರ ಪರೀಕ್ಷೆ, ಕೊನೆಗೆ ಬಾಯಿ ತೆರೆಸಿ ನೋಡುವುದು. “ಹಲ್ಲನ್ನೂ ಎಣಿಸಿದರು” ಎಂದು ಅಜ್ಜಿ ನಗುತ್ತಿದ್ದರು. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮಾಡುವುದೂ ಅದನ್ನೇ. ಈ ಬರಹಗಾರನ ವೀಸಾಕ್ಕೆ ಡಿಗ್ರಿ ಸರ್ಟಿಫಿಕೇಟು ಸಾಕಾಗಿತ್ತು, ಹಲ್ಲಿನ ಸುದ್ದಿಗೆ ಯಾರೂ ಬರಲಿಲ್ಲ. ಅಜ್ಜಿಯ ರಟ್ಟಿನ ಸೂಟ್‌ಕೇಸಿನಲ್ಲಿ ಊರಿನ ಚೊರಿಸೊ ಸಾಸೇಜು, ಇವನ ಚಕ್ರದ ಸೂಟ್‌ಕೇಸಿನಲ್ಲಿ ಚಟ್ನಿಪುಡಿ. ಹೊಟ್ಟೆಯ ವಿಷಯದಲ್ಲಿ ಮಾತ್ರ ಇಬ್ಬರೂ ಸರಿಸಮ.

ಹಗ್ಗ ಬಿಗಿದ ರಟ್ಟಿನ ಸೂಟ್‌ಕೇಸು ಹಿಡಿದ ಗಂಡಸು ಸ್ಪೇನಿನ ವಲಸೆಯ ಪರಿಚಿತ ಚಿತ್ರ. 1971ರ ‘ವೆಂತೆ ಆ ಅಲೆಮಾನಿಯಾ, ಪೆಪೆ’ ಎಂಬ ಹಾಸ್ಯ ಸಿನಿಮಾದಲ್ಲಿ ಆಲ್ಫ್ರೆಡೊ ಲಾಂಡಾ ನಗಿಸುವುದೂ ಅಂಥವನಾಗಿಯೇ. ಚಿತ್ರ ಸುಳ್ಳಲ್ಲ, ಅರ್ಧ ಮಾತ್ರ. ಅಜ್ಜಿಯಂತೆ ಚಾಕೊಲೇಟ್ ಕಾರ್ಖಾನೆ ಸೇರಿದ ಹುಡುಗಿಯರಿದ್ದರು. ಪ್ಯಾರಿಸಿನಲ್ಲಿ ಶ್ರೀಮಂತರ ಮನೆಗೆಲಸಕ್ಕೆ ನಿಂತು, ಅದೇ ಕಟ್ಟಡದ ಮಾಳಿಗೆಯ ಗೂಡುಕೋಣೆಗಳಲ್ಲಿ ಮಲಗುತ್ತಿದ್ದವರು ಸಾವಿರಾರು. ಸ್ವಿಟ್ಜರ್ಲೆಂಡಿನ ಕಥೆ ಇನ್ನೂ ಕಠಿಣ. ಅಲ್ಲಿ ಹಂಗಾಮಿ ಪರವಾನಗಿಯವರು ಸಂಸಾರ ತರುವಂತಿರಲಿಲ್ಲ. ಕದ್ದು ಕರೆತಂದ ಮಕ್ಕಳು ಹಗಲಿಡೀ ಸದ್ದಿಲ್ಲದೆ ಮನೆಯೊಳಗೇ ಅಡಗಿರಬೇಕಿತ್ತು.

1960ರಿಂದ 1973ರವರೆಗೆ ಜರ್ಮನಿಗೆ ಹೋದ ಸ್ಪೇನಿನವರು ಸುಮಾರು ಆರು ಲಕ್ಷ. ಒಪ್ಪಂದದ ಗೊಡವೆಯೇ ಬೇಡವೆಂದು ಪ್ರವಾಸಿಗರ ವೇಷದಲ್ಲಿ ಗಡಿ ದಾಟಿದವರೂ ಬಹಳ. ತೈಲದ ಬಿಕ್ಕಟ್ಟು ಬಂದದ್ದೇ 1973ರ ನವೆಂಬರಿನಲ್ಲಿ ಜರ್ಮನಿ ನೇಮಕಾತಿ ನಿಲ್ಲಿಸಿತು. ಹೆಚ್ಚಿನವರು ಊರಿಗೆ ಮರಳಿದರು. ಉಳಿದವರಲ್ಲಿ ಅನೇಕರಿಗೆ ಓದುಬರಹ ಅಷ್ಟಾಗಿ ಇರಲಿಲ್ಲ. ಆದರೂ ಊರೂರಲ್ಲಿ ಪಾಲಕರ ಸಂಘ ಕಟ್ಟಿದರು, ಮಕ್ಕಳಿಗೆ ಬೇರೆ ತರಗತಿ ಬೇಡ, ಜರ್ಮನ್ ಮಕ್ಕಳ ಜೊತೆಗೇ ಕೂರಿಸಿ ಎಂದು ಪಟ್ಟು ಹಿಡಿದರು. ಮುಂದೆ ವಲಸೆ ಕಾರ್ಮಿಕರ ಮಕ್ಕಳಲ್ಲಿ ಓದಿನಲ್ಲಿ ಎಲ್ಲರಿಗಿಂತ ಮುಂದೆ ಬಂದವರಲ್ಲಿ ಸ್ಪೇನಿನವರ ಮಕ್ಕಳೂ ಸೇರಿದ್ದರು.